ಕರ್ತೃವೋ ಕರಣವೋ? — ಹತ್ತಿಯ ಸಾಲಿನ ಒಂದು ಯಂತ್ರವನ್ನು ಕುರಿತ ಬರಹಗಳ ವಿಮರ್ಶೆ

ಕ್ರಿ. ಶ. ೧೮೫೮ನೆಯ ಜೂನ್ ೧೦ನೆಯ ತಾರೀಖಿನಂದು ಅಮೆರಿಕದ ಸಂಯುಕ್ತ ಸಂಸ್ಥಾನಗಳ ಅಟಾರ್ನಿ ಜನರಲ್ ಆಗಿದ್ದ ಜೆರೆಮಾಯ ಬ್ಲ್ಯಾಕ್ ಎಂಬಾತನು ತನ್ನ ಸರಕಾರದ ಒಳನಾಡಿನ ಇಲಾಖೆಯ ಕಾರ್ಯದರ್ಶಿಗೆ ಒಂದು ಅಭಿಪ್ರಾಯವನ್ನು ಬರೆದು ಕಳುಹಿಸಿದನು. ಗುಲಾಮನ ಆವಿಷ್ಕಾರವೆಂಬುದೇ ಅದರ ಶಿರೋನಾಮೆ. ಪತ್ರವು ಅತಿ ಸಂಕ್ಷಿಪ್ತವಾದುದು. ನಮ್ಮ ಸೂತ್ರಕಾರರೂ ಮೆಚ್ಚುವಷ್ಟು ಅಲ್ಪಾಕ್ಷರವುಳ್ಳದ್ದು. ಗುಲಾಮನೊಬ್ಬನು ಕಲ್ಪಿಸಿದ ಯಂತ್ರವು ನೂತನವೂ ಉಪಯುಕ್ತವೂ ಆಗಿದ್ದರೂ ಆಗ ಜಾರಿಯಲ್ಲಿದ್ದ ಕಾಯಿದೆಯಂತೆ ಅದಕ್ಕೆ ಪೇಟೆಂಟು ಸನ್ನದು ದೊರೆಯಲಾರದೆಂಬುದು ಅದರ ಮೊದಲನೆಯ ಮಾತು. ಒಡೆಯನಿಗೆ ಅಂತಹ ಸನ್ನದನ್ನು ಕೊಟ್ಟರೂ ಅದು ಅವನನ್ನು ಕಾಪಾಡಲಾರದೆಂಬುದು ಎರಡನೆಯದು. ವಿವಾದಕ್ಕೆ ಕಾರಣವಾದ ಯಂತ್ರವಾದರೋ ಹತ್ತಿಯ ಸಾಲುಗಳ ಇಕ್ಕೆಲದ ಹುಲ್ಲನ್ನೂ ಮಣ್ಣನ್ನೂ ಹೆರೆಯುವ ಒಂದು ಬೇಸಾಯದ ಉಪಕರಣ.

ಹೊಲಗೆಲಸದ ಸಲಕರಣೆಗೂ ಕಾಯಿದೆ ಪಂಡಿತರ ಪತ್ರಕ್ಕೂ ಸಾಹಿತ್ಯವಿಮರ್ಶೆಗೂ ಏನು ಸಂಬಂಧವೆಂದು ಕೇಳುವವರುಂಟು. ಆ ವಿವಾದವೆಲ್ಲವೂ ಒಂದು ಕಾರಕವನ್ನು ಅವಲಂಬಿಸಿ ನಿಂತಿದೆಯೆಂಬುದೇ ನಮ್ಮ ಸಮಾಧಾನ. ಯಂತ್ರವನ್ನು ಕಲ್ಪಿಸಿದವನು ಕರ್ತೃವೋ ಕರಣವೋ ಎಂಬ ಪ್ರಶ್ನೆಯು ಅಲ್ಲಿ ರಾಜಕಾರ್ಯದ ಪ್ರಶ್ನೆಯಾಗಿ ಎದ್ದು, ಹಣದ ಪ್ರಶ್ನೆಯಾಗಿ ಬೆಳೆದು, ಕಡೆಗೆ ಯುದ್ಧದ ಹೊಸ್ತಿಲಿಗೆ ಬಂದಿತು. ಈ ಅಭಿಪ್ರಾಯಪತ್ರ, ಯಂತ್ರದ ಮಾರಾಟಕ್ಕಾಗಿ ಹೊರಟ ಒಂದು ಪ್ರಕಟನಪತ್ರ, ಹತ್ತಿಹೊಲದ ದುಡಿಮೆಯನ್ನು ಉಂಡವನೇ ಹೇಳಿದ ಒಂದು ಆತ್ಮಕಥೆ — ಈ ಮೂರನ್ನೂ ಒಟ್ಟಿಗಿಟ್ಟು ಓದಿದ ಹೊರತು ಯಾವುದೊಂದರ ಅರ್ಥವೂ ಪೂರ್ಣವಾಗುವುದಿಲ್ಲ. ನಮ್ಮ ಕಾಲೇಜುಗಳಲ್ಲಿ ಆ ಆತ್ಮಕಥೆಯನ್ನು ಪಾಠ ಹೇಳುವ ಅಧ್ಯಾಪಕರು ಮಿಕ್ಕೆರಡನ್ನು ನೋಡುವುದು ವಿರಳ. ಕಾಯಿದೆಯ ಚರಿತ್ರೆಯನ್ನು ಬರೆಯುವವರು ಆತ್ಮಕಥೆಯನ್ನು ನೋಡುವುದು ಇನ್ನೂ ವಿರಳ.

ಮೊದಲು ಹೊಲದ ಸಂಗತಿ. ಹತ್ತಿಯ ಬೀಜವನ್ನು ಆ ದೇಶದ ದಕ್ಷಿಣ ಭಾಗದಲ್ಲಿ ಬೋದಿನ ಮೇಲೆ ಗೆರೆಯೆಳೆದು ದಟ್ಟವಾಗಿ ಸುರಿದು ಮುಚ್ಚುತ್ತಿದ್ದರು. ಬೀಜಕ್ಕೆ ಬೆಲೆಯಿಲ್ಲ, ಮೊಳಕೆಗೆ ಭರವಸೆಯಿಲ್ಲ. ಆದಕಾರಣ ಬೇಕಾದುದಕ್ಕಿಂತ ಅನೇಕಪಾಲು ಹೆಚ್ಚಾಗಿ ಬಿತ್ತುವುದೇ ಪದ್ಧತಿ. ವಾರದಲ್ಲಿ ಸಸಿಗಳು ಹುಲ್ಲಿನಂತೆ ಒತ್ತೊತ್ತಾಗಿ ಏಳುತ್ತವೆ. ಅವುಗಳೊಡನೆ ನಿಜವಾದ ಹುಲ್ಲೂ ಏಳುತ್ತದೆ. ಹತ್ತಿಯ ಎಳೆಸಸಿಯು ಬಹು ಮೆದುವಾದುದು. ಕಳೆಯ ನೆರಳಿನಲ್ಲಿ ಸಿಕ್ಕಿದರೆ ಎರಡು ವಾರಗಳಲ್ಲಿ ಸೊರಗಿ ಹೋಗುತ್ತದೆ. ಆದುದರಿಂದ ಎರಡು ಕೆಲಸಗಳು ಏಕಕಾಲದಲ್ಲಿ ಆಗಬೇಕು: ಸಾಲಿನ ಪಕ್ಕದ ಹುಲ್ಲನ್ನು ಹೆರೆಯುವುದು, ಸಾಲಿನೊಳಗಿನ ಸಸಿಗಳನ್ನು ವಿರಳಮಾಡುವುದು. ಬಿತ್ತನೆಗೂ ಕೊಯ್ಲಿಗೂ ನಡುವೆ ದುಡಿಮೆಯ ಭಾರವೆಲ್ಲ ಇಲ್ಲಿಯೇ ಇದ್ದಿತು. ಅರಳೆಯಿಂದ ಬೀಜ ಬಿಡಿಸುವ ವಿಟ್ನಿಯ ಯಂತ್ರವು ೧೭೯೪ರಲ್ಲಿ ಸನ್ನದನ್ನು ಪಡೆಯಿತೆಂಬುದನ್ನು ಎಲ್ಲ ಚರಿತ್ರೆಗಳೂ ಹೇಳುತ್ತವೆ. ಆ ಯಂತ್ರದಿಂದ ಬಿತ್ತನೆಯ ವಿಸ್ತಾರವು ಬೆಳೆಯಿತು, ಅದರೊಡನೆ ಗುದ್ದಲಿಯ ಕೆಲಸವೂ ಅಷ್ಟೇ ಬೆಳೆಯಿತು. ಇದನ್ನು ಹೇಳುವವರು ಕಡಮೆ.

ಈ ಕೆಲಸದ ವರ್ಣನೆಗಳಲ್ಲಿ ನಾವು ಬಲ್ಲಂತೆ ಅತ್ಯುತ್ತಮವಾದುದು ಸಾಲೊಮನ್ ನಾರ್ಥಪ್ ಎಂಬಾತನ 'ಹನ್ನೆರಡು ವರ್ಷಗಳ ಗುಲಾಮ' ಎಂಬ ಗ್ರಂಥದಲ್ಲಿರುವುದು. ನ್ಯೂಯಾರ್ಕ್ ಸಂಸ್ಥಾನದಲ್ಲಿ ಸ್ವತಂತ್ರನಾಗಿ ಹುಟ್ಟಿದ ಈತನನ್ನು ೧೮೪೧ರಲ್ಲಿ ಮೋಸದಿಂದ ಅಪಹರಿಸಿ ಲೂಸಿಯಾನದಲ್ಲಿ ಮಾರಿದರು. ೧೮೫೩ರ ಆರಂಭದಲ್ಲಿ ಬಿಡುಗಡೆಯಾದ ಈತನ ಕಥೆ ಅದೇ ವರ್ಷ ಅಚ್ಚಾಯಿತು. ಅದರಲ್ಲಿ ಹತ್ತಿಯ ಬೇಸಾಯವನ್ನು ಹೇಳುವ ಭಾಗವು ಕೃಷಿಶಾಸ್ತ್ರದ ಗ್ರಂಥವೊಂದರ ಪ್ರಕರಣದಂತೆ ಪ್ರಶಾಂತವಾಗಿ ಆರಂಭವಾಗುತ್ತದೆ. ಸಸಿ ಎದ್ದ ಎಂಟು ಹತ್ತು ದಿನಗಳ ಮೇಲೆ ಹೇಸರಗತ್ತೆ ಹೂಡಿದ ನೇಗಿಲು ಸಾಲಿನ ಎರಡು ಪಕ್ಕಗಳಲ್ಲಿಯೂ ಸಸಿಗೆ ಆದಷ್ಟು ಹತ್ತಿರ ಹಾದುಹೋಗಿ ಮಣ್ಣನ್ನು ಹೊರಕ್ಕೆ ಚೆಲ್ಲುತ್ತದೆ; ಹಿಂದೆ ಗುದ್ದಲಿಯವರು ಬಂದು ಹುಲ್ಲನ್ನೂ ಹೆಚ್ಚಿನ ಹತ್ತಿಯನ್ನೂ ಕಡಿದು ೨½ ಅಡಿಗೊಂದರಂತೆ ಗುಂಪುಗಳನ್ನು ಉಳಿಸುತ್ತಾರೆ. ಇದಕ್ಕೆ ಹತ್ತಿಯನ್ನು ಹೆರೆಯುವುದೆಂದು ಹೆಸರು. ಎರಡು ವಾರ ಕಳೆದು ಎರಡನೆಯ ಸಲ. ಆಗ ಮಣ್ಣನ್ನು ಸಸಿಯ ಬುಡಕ್ಕೆ ತಿರುಗಿಸಿ, ಗುಂಪಿನಲ್ಲಿ ದೊಡ್ಡದಾದ ಒಂದೇ ಸಸಿಯನ್ನು ನಿಲ್ಲಿಸಿ ಉಳಿದುದನ್ನು ತೆಗೆಯುತ್ತಾರೆ. ಮತ್ತೆ ಹದಿನೈದು ದಿನಕ್ಕೆ ಮೂರನೆಯದು. ಜುಲೈ ತಿಂಗಳ ಮೊದಲಿಗೆ, ಗಿಡವು ಅಡಿಯೆತ್ತರವಾದಾಗ, ನಾಲ್ಕನೆಯದೂ ಕಡೆಯದೂ ಆದ ಗುದ್ದಲಿ. ಆ ಬಳಿಕ ಸಾಲುಗಳ ನಡುವಣ ನೆಲವನ್ನೆಲ್ಲ ಉತ್ತು ನೀರು ಹರಿಯಲು ಆಳವಾದ ಗೆರೆಯನ್ನು ಬಿಡುತ್ತಾರೆ.

ಇಲ್ಲಿಯವರೆಗೆ ಓದುಗನಿಗೆ ಕರ್ತೃವಿನ ಚಿಂತೆಯೇ ಬರುವುದಿಲ್ಲ. ನೇಗಿಲು ಹಾದುಹೋಗುತ್ತದೆ, ಗೆರೆ ತಿರುಗುತ್ತದೆ, ಸಸಿ ನಿಲ್ಲುತ್ತದೆ. ಆಗ, ಕಂಡಿಕೆಯ ಕೊನೆಯಲ್ಲಿ, ಕುದುರೆಯೇರಿದ ಮೇಲ್ವಿಚಾರಕನು ಚಾವಟಿ ಹಿಡಿದು ಪ್ರವೇಶಿಸುತ್ತಾನೆ. ಎಲ್ಲರಿಗಿಂತ ವೇಗವಾಗಿ ಕೆಲಸಮಾಡುವವನು ಮುಂದಿನ ಸಾಲನ್ನು ಹಿಡಿಯಬೇಕು. ಅವನನ್ನು ಮತ್ತೊಬ್ಬನು ದಾಟಿದರೆ ಮುಂದಿನವನಿಗೆ ಹೊಡೆತ, ಹಿಂದೆ ಬಿದ್ದವನಿಗೂ ಹೊಡೆತ, ಕ್ಷಣಕಾಲ ನಿಂತವನಿಗೂ ಹೊಡೆತ. ಏಪ್ರಿಲಿನಿಂದ ಜುಲೈವರೆಗೆ ಹೀಗೆ. ಒಂದು ಸಲ ಹೊಲ ಮುಗಿಯಿತೆನ್ನುವಷ್ಟರಲ್ಲಿ ಮೊದಲಿನಿಂದ ಆರಂಭ. ಶಾಸ್ತ್ರದ ಶೈಲಿಯಲ್ಲಿ ನಡೆದ ಗದ್ಯವು ಒಂದೆರಡು ವಾಕ್ಯಗಳಲ್ಲಿ ಸಾಕ್ಷಿಯ ಗದ್ಯವಾಗಿ ಮಾರ್ಪಡುವ ಈ ಸಂಧಿಯನ್ನು ಅಧ್ಯಾಪಕರು ತರಗತಿಯಲ್ಲಿ ನಿಲ್ಲಿಸಿ ತೋರಿಸಬೇಕು. ಕರುಣೆಯನ್ನು ಬೇಡುವ ಒಂದು ವಿಶೇಷಣವೂ ಅಲ್ಲಿಲ್ಲ. ಗುದ್ದಲಿ ಹೇಗೆ ಸಾಲನ್ನು ಅನುಸರಿಸುವುದೋ ಹಾಗೆಯೇ ಚಾವಟಿಯು ಗುದ್ದಲಿಯನ್ನು ಅನುಸರಿಸುತ್ತದೆ. ಅದನ್ನೂ ಬೇಸಾಯದ ಒಂದು ಅಂಗವಾಗಿಯೇ ವರ್ಣಿಸಿರುವುದರಿಂದ ರಸವು ಹೆಚ್ಚಿತೇ ಹೊರತು ಕುಗ್ಗಲಿಲ್ಲ.

ನಮ್ಮ ನಾಡಿನ ವಾಚಕರಿಗೆ ಈ ಹೆರೆಯುವ ಕೆಲಸ ಅಪರಿಚಿತವಾದುದಲ್ಲ. ಧಾರವಾಡ ಸೀಮೆಯ ಎರೆಭೂಮಿಯಲ್ಲಿ ಕೂರಿಗೆಯಿಂದ ಸಾಲಾಗಿ ಬಿತ್ತಿ, ಸಾಲುಗಳ ನಡುವೆ ಎಡೆಕುಂಟೆಯನ್ನು ಹೊಡೆಯುವುದು ಪುರಾತನವಾದ ಪದ್ಧತಿ. ಎತ್ತುಗಳು ಎಳೆಯುವ ಕುಂಟೆಯ ಕಬ್ಬಿಣದ ಅಲಗು ನೆಲದ ಮೇಲುಪದರದ ಅಡಿಯಲ್ಲಿ ಹಾಯ್ದು ಕಳೆಯ ಬೇರನ್ನು ಕತ್ತರಿಸುತ್ತದೆ, ಬಿರುಕುಬಿಡುವ ನೆಲವನ್ನು ಸಡಿಲಿಸಿ ತೇವವನ್ನು ಉಳಿಸುತ್ತದೆ. ಎರಡು ದೇಶಗಳ ಹತ್ತಿಗೆ ಚರಿತ್ರೆಯ ನೇರವಾದ ನಂಟೂ ಉಂಟು. ಈಸ್ಟ್ ಇಂಡಿಯಾ ಕಂಪೆನಿಯವರು ೧೮೪೦ರಲ್ಲಿ ಅಮೆರಿಕದ ದಕ್ಷಿಣ ಸಂಸ್ಥಾನಗಳಿಂದ ಹತ್ತು ಮಂದಿ ಹತ್ತಿತೋಟಗಾರರನ್ನು ಇಲ್ಲಿಗೆ ಕರೆತರಿಸಿದರು. ಹುಬ್ಬಳ್ಳಿಯ ಬಳಿಯ ಕುಸುಗಲ್ಲಿನಲ್ಲಿ ಪ್ರಯೋಗದ ಹೊಲವೇ ಏರ್ಪಟ್ಟಿತು. ಅಲ್ಲಿಂದ ಹಬ್ಬಿದ ತಳಿಗೆ ಧಾರವಾಡ ಅಮೆರಿಕನ್ ಎಂಬ ಹೆಸರಾಯಿತು. ಆ ತೋಟಗಾರರಲ್ಲೊಬ್ಬನಾದ ಮರ್ಸರ್ ಎಂಬಾತನು ೧೮೪೫ರಲ್ಲಿ ಕೊಟ್ಟ ಅಭಿಪ್ರಾಯವು ಸ್ಮರಣೀಯವಾದುದು: ಅಮೆರಿಕದ ಪದ್ಧತಿ ಈ ದೇಶಕ್ಕೆ ಹೊಂದದು, ಇಲ್ಲಿಯ ಒಕ್ಕಲಿಗರು ತಮ್ಮ ನೆಲವನ್ನೂ ಹವೆಯನ್ನೂ ಬಲ್ಲವರಾದುದರಿಂದ ಯೂರೋಪಿಯನ್ನರಿಗಿಂತ ಉತ್ತಮವಾಗಿಯೂ ಮಿತವ್ಯಯದಿಂದಲೂ ಬೆಳೆಯಬಲ್ಲರು ಎಂದು. ಬೀಜವು ಬಂದು ನೆಲೆಸಿತು. ಕುಂಟೆಯು ನಮ್ಮದೇ ಉಳಿಯಿತು. ಇಷ್ಟು ಸಾಕು, ಪ್ರಕೃತವನ್ನು ಅನುಸರಿಸೋಣ.

ಮಿಸಿಸಿಪ್ಪಿ ಸಂಸ್ಥಾನದ ಆಸ್ಕರ್ ಸ್ಟುವರ್ಟ್ ಎಂಬ ತೋಟದೊಡೆಯನ ಬಳಿ ನೆಡ್ ಎಂಬ ಗುಲಾಮನಿದ್ದನು. ಸಾಲಿನ ಎರಡು ಪಾರ್ಶ್ವಗಳನ್ನೂ ಒಂದೇ ಸಲದ ಓಟದಲ್ಲಿ ಹೆರೆಯುವ ಜೋಡು ಉಪಕರಣವನ್ನು ಕಲ್ಪಿಸಿದವನು ಈ ನೆಡ್. ನಾರ್ಥಪನ ವರ್ಣನೆಯನ್ನು ಓದಿದವರಿಗೆ ಇದರ ಬೆಲೆ ಕೂಡಲೇ ತಿಳಿಯುವುದು. ಅಲ್ಲಿ ನೇಗಿಲು ಒಂದು ಸಾಲಿಗೆ ಎರಡು ಸಲ, ಹೋಗುತ್ತ ಒಂದು ಪಕ್ಕ ಬರುತ್ತ ಒಂದು ಪಕ್ಕ, ನಡೆಯಬೇಕಾಗಿತ್ತು. ಸಸಿಯ ಮಗ್ಗುಲಿನಲ್ಲಿ ಉಳಿದ ಹುಲ್ಲು ಗುದ್ದಲಿಗೆ ಬೀಳುತ್ತಿತ್ತು. ಇಕ್ಕೆಲದಲ್ಲಿಯೂ ಅಲಗು ಒಮ್ಮೆಲೇ ಹಾಯ್ದರೆ ನಡುವೆ ಉಳಿಯುವುದು ಕಿರಿದಾದ ಒಂದು ಪಟ್ಟಿ. ಗುದ್ದಲಿಯವನಿಗೆ ಆ ಪಟ್ಟಿಯಲ್ಲಿ ಸಸಿಗಳನ್ನು ವಿರಳಮಾಡುವುದಷ್ಟೇ ಕೆಲಸ. ಇಂತಹ ಉಪಾಯವು ಹೊಳೆಯಬೇಕಾದರೆ ಆ ಸಾಲಿನಲ್ಲಿ ಬೆನ್ನು ಬಾಗಿಸಿದವನಾಗಿರಬೇಕು.

ಸ್ಟುವರ್ಟನು ೧೮೫೭ರಲ್ಲಿ ಒಳನಾಡಿನ ಇಲಾಖೆಯ ಕಾರ್ಯದರ್ಶಿ ಜೇಕಬ್ ಥಾಂಪ್ಸನ್ನನಿಗೆ — ಈತನೂ ಮಿಸಿಸಿಪ್ಪಿಯವನೇ — ಬರೆದು ಸನ್ನದನ್ನು ಬೇಡಿದನು. ಇದರಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಯಂತ್ರವನ್ನು ತಾನೇ ಕಲ್ಪಿಸಿದೆನೆಂದು ಸುಳ್ಳು ಹೇಳಿದ್ದರೆ ಸನ್ನದು ಸುಲಭವಾಗಿ ದೊರೆಯುತ್ತಿತ್ತು. ಆತನು ಹಾಗೆ ಹೇಳಲಿಲ್ಲ. ಕಲ್ಪಿಸಿದವನು ನೆಡ್ ಎಂದೇ ಒಪ್ಪಿದನು. ಆದರೆ ಗುಲಾಮನ ಕೈಯ ದುಡಿಮೆಯ ಫಲವು ಒಡೆಯನದಾಗಿರುವಂತೆ ಬುದ್ಧಿಯ ದುಡಿಮೆಯ ಫಲವೂ ಒಡೆಯನದೇ ಎಂದು ವಾದಿಸಿದನು. ಪೇಟೆಂಟುಗಳ ಕಮೀಷನರ್ ಜೋಸೆಫ್ ಹೋಲ್ಟನು ಒಪ್ಪಲಿಲ್ಲ. ೧೮೩೬ರ ಕಾಯಿದೆಯಂತೆ ಅರ್ಜಿದಾರನು ತಾನೇ ಮೊದಲನೆಯ ಮತ್ತು ನಿಜವಾದ ಆವಿಷ್ಕಾರಕನೆಂದು ನಂಬುವುದಾಗಿ ಪ್ರಮಾಣ ಮಾಡಬೇಕು, ತಾನು ಯಾವ ದೇಶದ ಪ್ರಜೆಯೆಂಬುದನ್ನೂ ಹೇಳಬೇಕು. ಒಡೆಯನಿಗೆ ಮೊದಲನೆಯ ಪ್ರಮಾಣ ಸಾಧ್ಯವಿಲ್ಲ. ಗುಲಾಮನಿಗೆ ಎರಡನೆಯ ಮಾತು ಸಾಧ್ಯವಿಲ್ಲ, ಡ್ರೆಡ್ ಸ್ಕಾಟನ ವ್ಯಾಜ್ಯದಲ್ಲಿ ೧೮೫೭ರ ಮಾರ್ಚಿಯಲ್ಲಿ ಶ್ರೇಷ್ಠ ನ್ಯಾಯಸ್ಥಾನವು ಆ ಬಾಗಿಲನ್ನು ಮುಚ್ಚಿತ್ತು. ಬ್ಲ್ಯಾಕನು ಕಮೀಷನರನ ಮತವನ್ನೇ ಅನುಮೋದಿಸಿದನು. ಆತನ ಪತ್ರದಲ್ಲಿ ಸ್ಟುವರ್ಟನ ಹೆಸರುಂಟು. ನೆಡ್ ಎಂಬ ಹೆಸರಿಲ್ಲ.

ಈ ಪತ್ರವನ್ನು ಕುರಿತು ಬರೆಯುವವರು ಹಲವರು, ಗುಲಾಮರಿಗೆ ಆವಿಷ್ಕಾರದ ಶಕ್ತಿಯೇ ಇಲ್ಲವೆಂದು ಕಾಯಿದೆಯು ತೀರ್ಮಾನಿಸಿತೆಂದು ಹೇಳಿಬಿಡುತ್ತಾರೆ. ಇದು ಪದಗಳನ್ನು ನೋಡದೆ ತಾತ್ಪರ್ಯವನ್ನು ಹೇಳುವ ದೋಷ. ಗುಲಾಮನು ಕಲ್ಪಿಸಿದ, ನೂತನವಾದ, ಉಪಯುಕ್ತವಾದ ಯಂತ್ರ — ಇಷ್ಟನ್ನೂ ವಾಕ್ಯವು ಉದ್ದೇಶ್ಯಭಾಗದಲ್ಲಿ ಸಿದ್ಧವಸ್ತುವೆಂಬಂತೆ ಇಟ್ಟುಕೊಂಡಿದೆ. ನಿಷೇಧವು ವಿಧೇಯಭಾಗದಲ್ಲಿ ಮಾತ್ರ ಬರುತ್ತದೆ. ನಾಸ್ತಿಯೆಂದು ಹೇಳಿದುದು ಸನ್ನದಿಗೆ, ಕರ್ತೃತ್ವಕ್ಕೆ ಅಲ್ಲ. ಕರ್ತೃವನ್ನು ಅಲ್ಲಗಳೆದಿದ್ದರೆ ಅದು ಅಜ್ಞಾನವಾಗುತ್ತಿತ್ತು. ಕರ್ತೃವನ್ನು ಒಪ್ಪಿ ಫಲವನ್ನು ಮಾತ್ರ ನಿಷೇಧಿಸಿರುವುದರಿಂದ ಅದರ ಅನ್ಯಾಯವು ಬುದ್ಧಿಪೂರ್ವಕವಾದುದೆಂದು ತಿಳಿಯುತ್ತದೆ.

ಸ್ಟುವರ್ಟನ ವಾದವು ಇದಕ್ಕಿಂತ ಸೂಕ್ಷ್ಮವಾದುದು. ವೈಯಾಕರಣರಿಗೆ ಹೆಚ್ಚು ಸ್ವಾರಸ್ಯವಾದುದು. ಸಂಸ್ಕೃತದಲ್ಲಿ ದಾಸೇನ ಕೃತಂ ಯಂತ್ರಮ್ ಎಂದೊಡನೆ ತೃತೀಯೆಗೆ ಎರಡು ಅರ್ಥಗಳು ಒದಗುತ್ತವೆ. ಕರ್ತೃವಿಗೂ ಕರಣಕ್ಕೂ ಒಂದೇ ವಿಭಕ್ತಿಯನ್ನು ಪಾಣಿನಿಯು ವಿಧಿಸಿರುವನಷ್ಟೆ. ದೇವದತ್ತನೂ ತೃತೀಯೆ, ಅವನ ಕುಡುಗೋಲೂ ತೃತೀಯೆ. ಇಂಗ್ಲಿಷಿನಲ್ಲಿ ಆ ಸ್ಥಾನದಲ್ಲಿ ಬರುವ ಅವ್ಯಯವೂ ಮಾಡಿದವನನ್ನೂ ಸಾಧನವನ್ನೂ ಸೂಚಿಸಬಲ್ಲದು. ಸ್ಟುವರ್ಟನು ಈ ಸಂದಿಯಲ್ಲಿಯೇ ನುಗ್ಗಲು ಯತ್ನಿಸಿದನು: ಹೊಲ ನನ್ನದಾದರೆ ಬೆಳೆ ನನ್ನದು, ಕುಂಟೆ ನನ್ನದಾದರೆ ಅದರ ಕೆಲಸ ನನ್ನದು, ಗುಲಾಮ ನನ್ನವನಾದರೆ ಅವನ ಬುದ್ಧಿ ಹಡೆದುದೂ ನನ್ನದು ಎಂದು. ಗುಲಾಮನನ್ನು ಉಪಕರಣಗಳ ಪಂಕ್ತಿಯಲ್ಲಿ ಕೂರಿಸುವುದು ಯೂರೋಪಿನ ಬೇಸಾಯದ ಗ್ರಂಥಗಳಲ್ಲಿ ಹಳೆಯ ಮಾತು. ರೋಮಿನ ವಾರ್ರೋ ಎಂಬ ವಿದ್ವಾಂಸನು ಕೃಷಿಯ ಸಲಕರಣೆಗಳನ್ನು ಮೂರು ಬಗೆಯಾಗಿ ವಿಂಗಡಿಸುತ್ತಾನೆ: ಮಾತನಾಡುವುದು, ಅರೆದನಿಯುಳ್ಳದ್ದು, ಮೂಕವಾದುದು. ಬಂಡಿ ಮೂಕ, ಎತ್ತು ಅರೆದನಿ, ಗುಲಾಮನೇ ಮಾತನಾಡುವ ಸಲಕರಣೆ.

ಆದರೆ ವಿಭಕ್ತಿಯ ಸಂದೇಹವನ್ನು ಕ್ರಿಯಾಪದವು ಪರಿಹರಿಸುತ್ತದೆ. ಕೊಯ್ಯುವುದಕ್ಕೆ ಕುಡುಗೋಲು ಕರಣವಾಗಬಲ್ಲದು. ಕಲ್ಪಿಸುವುದಕ್ಕೆ ಯಾವ ಅಚೇತನವೂ ಕರಣವಾಗಲಾರದು. ಇಲ್ಲಿ ಯೋಗ್ಯತೆಯೇ ಇಲ್ಲ. ಬೆಂಕಿಯಿಂದ ತೋಯಿಸುತ್ತಾನೆ ಎಂಬಲ್ಲಿ ಹೇಗೆ ಶಾಬ್ದಬೋಧವಾಗದೋ ಹಾಗೆಯೇ ಸಲಕರಣೆಯು ಆವಿಷ್ಕರಿಸಿತು ಎಂಬಲ್ಲಿಯೂ ಆಗದು. ಆವಿಷ್ಕಾರವೆಂಬ ಶಬ್ದವನ್ನು ಬಳಸಿದ ಮರುಕ್ಷಣವೇ ನೆಡ್ ಕರ್ತೃವಾದನು.

ಇಷ್ಟಕ್ಕೆ ಸ್ಟುವರ್ಟನ ಪಕ್ಷದವರು ಪಾಣಿನಿಯನ್ನೇ ಮುಂದಿಡಬಹುದು. ಸ್ವತಂತ್ರವಾದುದಕ್ಕೆ ತಾನೆ ಕರ್ತೃಸಂಜ್ಞೆ? ಗುಲಾಮನು ಪರತಂತ್ರನೆಂಬುದು ಪ್ರಸಿದ್ಧ, ಅವನಿಗೆ ಕರ್ತೃತ್ವವೆಲ್ಲಿಯದು? ಈ ಆಕ್ಷೇಪಕ್ಕೆ ಮಹಾಭಾಷ್ಯದಲ್ಲಿಯೇ ಉತ್ತರವಿದೆ. ತಂತ್ರವೆಂದರೆ ಹಾಸಿದ ನೂಲು ಎಂದೂ ಅರ್ಥವಿರುವುದರಿಂದ, ತನ್ನದೇ ತಂತ್ರವುಳ್ಳವನು ಸ್ವತಂತ್ರನೆಂದರೆ ಆ ಹೆಸರು ನೇಯುವವನಿಗೆ ಮಾತ್ರ ಸಲ್ಲಬೇಕಾದೀತೆಂದು ಪತಂಜಲಿಯು ಶಂಕಿಸಿ, ಇಲ್ಲಿ ತಂತ್ರಶಬ್ದಕ್ಕೆ ಪ್ರಾಧಾನ್ಯವೆಂದು ಅರ್ಥಮಾಡಬೇಕೆಂದು ನಿರ್ಣಯಿಸುತ್ತಾನೆ. ಆ ಕ್ರಿಯೆಯಲ್ಲಿ ಯಾವುದು ಪ್ರಧಾನವೋ ಅದು ಸ್ವತಂತ್ರ. ಒಡೆತನ, ಕುಲ, ಕ್ರಯಪತ್ರ, ಇವು ಯಾವುವೂ ಇಲ್ಲಿ ಲೆಕ್ಕಕ್ಕಿಲ್ಲ. ಕಾಯಿದೆಯ ಸ್ವಾತಂತ್ರ್ಯವು ಮನುಷ್ಯನ ಸ್ಥಿತಿಯನ್ನು ಹೇಳುತ್ತದೆ; ವ್ಯಾಕರಣದ ಸ್ವಾತಂತ್ರ್ಯವು ಕ್ರಿಯೆಯೊಡನೆ ಅವನಿಗಿರುವ ನಂಟನ್ನು ಹೇಳುತ್ತದೆ. ನಾರ್ಥಪನ ಗ್ರಂಥದಲ್ಲಿಯೇ ಇದಕ್ಕೊಂದು ನಿದರ್ಶನ ದೊರೆಯುತ್ತದೆ: ಗುಲಾಮರ ಒರಟುಬಟ್ಟೆಯನ್ನು ನೇಯಲು ಫೋರ್ಡ್ ಎಂಬ ಒಡೆಯನ ಮನೆಗೆ ಮಗ್ಗವನ್ನು ನಿರ್ಮಿಸಿಕೊಟ್ಟವನು ನಾರ್ಥಪನೇ. ಮಗ್ಗ ಒಡೆಯನದು, ನೂಲು ಒಡೆಯನದು, ನಿರ್ಮಿಸಿದವನ ಶರೀರವೂ ಒಡೆಯನದು. ಆದರೂ ನಿರ್ಮಿಸಿದನೆಂಬ ಕ್ರಿಯೆಗೆ ಕರ್ತೃವು ನಾರ್ಥಪನೊಬ್ಬನೇ.

ಒಡೆಯನು ಪ್ರೇರಕನಲ್ಲವೆ, ಮಾಡಿಸಿದವನಿಗೂ ಕರ್ತೃಸಂಜ್ಞೆಯುಂಟಲ್ಲವೆ ಎಂದರೆ, ಉಂಟು. ಆದರೆ ಅದರಿಂದ ಸ್ಟುವರ್ಟನಿಗೆ ಲಾಭವಿಲ್ಲ. ಹೇತುವೆಂಬವನು ಸ್ವತಂತ್ರನಾದ ಕರ್ತೃವನ್ನು ಪ್ರೇರಿಸುವವನು. ಪ್ರೇರಿತನಾದವನಲ್ಲಿಯೂ ತನ್ನ ಕ್ರಿಯೆಯಲ್ಲಿ ಸ್ವಾತಂತ್ರ್ಯವನ್ನು ಒಪ್ಪದಿದ್ದರೆ, ಯಾರೂ ಏನನ್ನೂ ಮಾಡದಿರುವಾಗಲೂ ಮಾಡಿಸುತ್ತಾನೆ ಎಂಬ ಪ್ರಯೋಗವು ಬರಬೇಕಾದೀತೆಂದು ಭಾಷ್ಯವು ವಿಚಾರಮಾಡುತ್ತದೆ. ತಾನು ಮಾಡಿಸಿದೆನೆಂದು ಹೇಳುವುದಕ್ಕಾದರೂ ಒಡೆಯನು ಮೊದಲು ಇನ್ನೊಬ್ಬನು ಮಾಡಿದನೆಂದು ಒಪ್ಪಲೇಬೇಕು.

ಫಲದ ವಿಚಾರವು ಮೀಮಾಂಸಕರದು. ಯಾಗವನ್ನು ಋತ್ವಿಜರು ನಡೆಸಿದರೂ ಫಲವು ಯಜಮಾನನಿಗೆ ಸಲ್ಲುತ್ತದೆಂಬುದನ್ನು ಆಧಾರಮಾಡಿಕೊಂಡು ಸ್ಟುವರ್ಟನನ್ನು ಸಮರ್ಥಿಸಲು ಹೊರಟರೆ, ಅಲ್ಲಿ ವರಣವೂ ದಕ್ಷಿಣೆಯೂ ಇರುವುದನ್ನು ಮರೆತಂತಾಗುತ್ತದೆ. ಋತ್ವಿಜನು ಒಪ್ಪಿ ಬಂದವನು, ದಕ್ಷಿಣೆಯಿಂದ ಪರಿಕ್ರೀತನಾದವನು. ನೆಡ್ಡನಿಗೆ ವರಣವೂ ಇಲ್ಲ, ದಕ್ಷಿಣೆಯೂ ಇಲ್ಲ. ಇಲ್ಲಿ ನಮ್ಮ ಶಾ‌ಸ್ತ್ರಗಳ ಮಾತನ್ನೂ ಮರೆಮಾಚಬಾರದು. ಹೆಂಡತಿ, ಮಗ, ದಾಸ ಈ ಮೂವರೂ ನಿರ್ಧನರು, ಇವರು ಗಳಿಸಿದುದು ಇವರು ಯಾರವರೋ ಅವರದು ಎಂಬರ್ಥದ ಮಾತು ಮನುವಿನ ಎಂಟನೆಯ ಅಧ್ಯಾಯದಲ್ಲಿದೆ. ಸ್ಟುವರ್ಟನು ಅದನ್ನು ಕಂಡಿದ್ದರೆ ತನ್ನ ಅರ್ಜಿಗೆ ಅಂಟಿಸುತ್ತಿದ್ದನು. ಯಾಗದಲ್ಲಿ ಸ್ತ್ರೀಗೆ ಅಧಿಕಾರವುಂಟೋ ಇಲ್ಲವೋ ಎಂಬ ಅಧಿಕರಣದಲ್ಲಿ ಶಬರಸ್ವಾಮಿಯು ಇಂತಹ ಸ್ಮೃತಿಯನ್ನು ಪೂರ್ವಪಕ್ಷದಲ್ಲಿ ಇಟ್ಟು, ಫಲವನ್ನು ಬಯಸುವ ಸ್ತ್ರೀಗೆ ಧನವೂ ಉಂಟೆಂದು ಸಿದ್ಧಾಂತ ಮಾಡುತ್ತಾನೆ. ಆ ಅಧಿಕರಣದಲ್ಲಿ ದಾಸನ ಪರವಾಗಿ ಯಾರೂ ವಾದಿಸುವುದಿಲ್ಲ. (ಕನ್ನಡದಲ್ಲಿ ದಾಸಶಬ್ದಕ್ಕೆ ಹರಿದಾಸರಿಂದ ಬಂದ ಗೌರವವಿರುವ ಕಾರಣ ಈ ಲೇಖನದಲ್ಲಿ ಗುಲಾಮನೆಂಬ ಮಾತನ್ನೇ ಬಳಸಿದ್ದೇವೆ, ಭಕ್ತಿಯ ಸುವಾಸನೆಯಿಂದ ಈ ವಿಷಯದ ದುರ್ಗಂಧವನ್ನು ಮುಚ್ಚಬಾರದು.)

ಇನ್ನು ಪ್ರಕಟನಪತ್ರ. ಸನ್ನದು ದೊರೆಯದಿದ್ದರೂ ಸ್ಟುವರ್ಟನು ಯಂತ್ರವನ್ನು ಮಾಡಿಸಿ ಮಾರತೊಡಗಿದನು. ಆ ಪತ್ರದ ಭಾಷೆಯು ವ್ಯಾಪಾರದ ಭಾಷೆ. ಅಲ್ಲಿ ಯಂತ್ರವು ಕೆಲಸಮಾಡುತ್ತದೆ, ಕೈಗಳು ಉಳಿತಾಯವಾಗುತ್ತವೆ. ಆ ದೇಶದ ತೋಟಗಳಲ್ಲಿ ಗುಲಾಮರನ್ನು ಎಣಿಸುತ್ತಿದ್ದುದೇ ಕೈಗಳೆಂದು: ಬಲವಂತನು ಪೂರ್ಣ ಕೈ, ಹುಡುಗನೂ ಮುದುಕಿಯೂ ಅರ್ಧ ಕೈ, ಕಾಲು ಕೈ. ಕಾರಕಗಳು ವಕ್ತೃವಿನ ವಿವಕ್ಷೆಯನ್ನು ಅನುಸರಿಸುತ್ತವೆಂದು ವೈಯಾಕರಣರು ಹೇಳುವರು. ಪಾತ್ರೆಯೇ ಅಡುಗೆ ಮಾಡುತ್ತದೆಂದು ಹೇಳುವುದಕ್ಕೂ ಅವರು ಅನುಮತಿ ಕೊಡುತ್ತಾರೆ. ಆದರೆ ಅಡುಗೆಯವನನ್ನು ಸೌಟೆಂದು ಕರೆಯುವುದಕ್ಕೆ ಕೊಟ್ಟಂತೆ ಕಾಣೆವು. ಇಲ್ಲಿ ಎರಡೂ ಏಕಕಾಲದಲ್ಲಿ ನಡೆದಿವೆ. ನಮ್ಮ ಆಳು ಎಂಬ ಶಬ್ದವು ಸೇವಕನನ್ನು ಹೇಳಿದರೂ ಅವನನ್ನು ಇಡೀ ಮನುಷ್ಯನಾಗಿಯೇ ಹೇಳುತ್ತದೆ.

ಆ ಪತ್ರದಲ್ಲಿ ಅಚ್ಚುಮಾಡಿದ್ದ ಒಂದು ಪ್ರಶಂಸೆಯು ವಿಮರ್ಶೆಗೆ ವಿಶೇಷವಾಗಿ ಅರ್ಹವಾದುದು. ಇದು ಗುಲಾಮನ ಆವಿಷ್ಕಾರವೆಂದು ತಿಳಿದು ಸಂತೋಷವಾಯಿತು, ಗುಲಾಮಗಿರಿಯು ಬುದ್ಧಿಯನ್ನು ಕುಗ್ಗಿಸುತ್ತದೆಂಬ ವಿರೋಧಿಗಳ ಕೂಗು ಇದರಿಂದ ಸುಳ್ಳಾಯಿತು, ಸ್ವತಂತ್ರನಾದ ನೀಗ್ರೋ ಎಂದಾದರೂ ಏನನ್ನಾದರೂ ಕಲ್ಪಿಸಿದ್ದಾನೆಯೆ ಎಂಬುದು ಅದರ ಭಾವ. ಅನುಮಾನವು ಚತುರವಾಗಿದೆ, ಹೇತುವು ಅಸಿದ್ಧ. ಸ್ವತಂತ್ರನಾಗಿದ್ದ ಥಾಮಸ್ ಜೆನ್ನಿಂಗ್ಸನು ಬಟ್ಟೆಯನ್ನು ಶುಚಿಮಾಡುವ ವಿಧಾನಕ್ಕೆ ೧೮೨೧ರಲ್ಲಿಯೇ ಸನ್ನದು ಪಡೆದಿದ್ದನು. ಮೇರಿಲ್ಯಾಂಡಿನ ಹೆನ್ರಿ ಬ್ಲೇರ್ ಎಂಬ ಕಪ್ಪು ಜನಾಂಗದ ಕೃಷಿಕನಿಗೆ ೧೮೩೪ರಲ್ಲಿ ಮೆಕ್ಕೆಜೋಳ ಬಿತ್ತುವ ಯಂತ್ರಕ್ಕೂ ೧೮೩೬ರಲ್ಲಿ ಹತ್ತಿ ಬಿತ್ತುವ ಯಂತ್ರಕ್ಕೂ ಸನ್ನದು ದೊರೆತಿತ್ತು. ಅಕ್ಷರ ಬಾರದ ಆತನು ಕಾಗದದ ಮೇಲೆ ಗುರುತು ಹಾಕಿದನು, ಕಚೇರಿಯವರು ಆತನ ಹೆಸರಿನ ಮುಂದೆ ಬಣ್ಣವನ್ನು ನಮೂದಿಸಿದರು. ಸಕ್ಕರೆಯ ರಸವನ್ನು ಬತ್ತಿಸುವ ಕ್ರಮವನ್ನೇ ಬದಲಾಯಿಸಿದ ನಾರ್ಬರ್ಟ್ ರಿಲ್ಯೂ ಲೂಸಿಯಾನದವನೇ. ೧೮೪೩ರಲ್ಲಿಯೂ ೧೮೪೬ರಲ್ಲಿಯೂ ಸನ್ನದು ಪಡೆದವನು. ಆದರೂ ಆ ಪ್ರಶಂಸೆಗೆ ಒಂದು ಉಪಯೋಗವಿದೆ. ಗುಲಾಮಗಿರಿಯ ಪಕ್ಷಪಾತಿಯೇ ತನ್ನ ಗೆಲವಿಗಾಗಿ ನೆಡ್ಡನ ಕರ್ತೃತ್ವವನ್ನು ಸಾರಿಹೇಳಿದ್ದಾನೆ. ಪ್ರತಿವಾದಿಯ ಬಾಯಿಂದಲೇ ಬಂದ ಸಾಕ್ಷ್ಯಕ್ಕಿಂತ ಬಲವಾದುದು ಯಾವುದು?

ಮುಂದಿನ ಕಥೆ ಸಂಕ್ಷೇಪವಾದುದು. ದಕ್ಷಿಣದ ಸಂಸ್ಥಾನಗಳು ಒಕ್ಕೂಟದಿಂದ ಬೇರ್ಪಟ್ಟು ೧೮೬೧ರ ಮೇ ೨೧ರಂದು ಮಾಡಿಕೊಂಡ ಪೇಟೆಂಟು ಕಾಯಿದೆಯ ೫೦ನೆಯ ಪ್ರಕರಣದಲ್ಲಿ, ತನ್ನ ಗುಲಾಮನೇ ನಿಜವಾದ ಆವಿಷ್ಕಾರಕನೆಂದು ಒಡೆಯನು ಪ್ರಮಾಣ ಮಾಡಿದರೆ ಸನ್ನದು ಒಡೆಯನಿಗೆ ಸಲ್ಲತಕ್ಕದ್ದೆಂದು ವಿಧಿಸಿದರು. ಆ ಒಕ್ಕೂಟದ ಅಧ್ಯಕ್ಷ ಜೆಫರ್ಸನ್ ಡೇವಿಸನ ಅಣ್ಣನ ಗುಲಾಮನಾಗಿದ್ದ ಬೆಂಜಮಿನ್ ಮಾಂಟ್‌ಗೊಮರಿಯು ಹಡಗಿನ ಚಾಲಕಚಕ್ರವೊಂದನ್ನು ಕಲ್ಪಿಸಿ ಸನ್ನದು ದೊರೆಯದೆ ಹೋದುದನ್ನು ಇಲ್ಲಿ ನೆನೆಯಬಹುದು. ಬ್ಲ್ಯಾಕನ ವಾಕ್ಯವು ಕರ್ತೃವನ್ನು ಒಪ್ಪಿ ಫಲವನ್ನು ಯಾರಿಗೂ ಕೊಡಲಿಲ್ಲ. ಈ ಪ್ರಕರಣವು ಕರ್ತೃವಿನ ಹೆಸರನ್ನು ಪ್ರಮಾಣಪೂರ್ವಕವಾಗಿ ಹೇಳಿಸಿ ಫಲವನ್ನು ಇನ್ನೊಬ್ಬನಿಗೆ ಒಪ್ಪಿಸಿತು. ೧೮೬೫ರಲ್ಲಿ ಆ ಒಕ್ಕೂಟವೇ ಅಳಿಯಿತು.

ಯುದ್ಧಾನಂತರ ಸಸಿಗಳನ್ನು ವಿರಳಮಾಡುವ ಯಂತ್ರಗಳಿಗಾಗಿ ಸನ್ನದುಗಳು ಮೇಲಿಂದ ಮೇಲೆ ಹೊರಟವು. ಚಕ್ರದೊಡನೆ ತಿರುಗುವ ಅಲಗುಗಳು ಸಾಲನ್ನು ಅಡ್ಡಲಾಗಿ ಗೊತ್ತಾದ ಅಂತರಗಳಲ್ಲಿ ಕಡಿಯುತ್ತ ಹೋಗುವುದು ಅವುಗಳ ಸಾಮಾನ್ಯಲಕ್ಷಣ. ಅವುಗಳಿಗೆ ದೂರವು ತಿಳಿಯುತ್ತಿತ್ತು, ಸಸಿಯು ತಿಳಿಯುತ್ತಿರಲಿಲ್ಲ. ನಾಲ್ಕು ಒಳ್ಳೆಯ ಸಸಿಗಳನ್ನು ಕಡಿದು ಸೊರಗಿದ ಐದನೆಯದನ್ನು ಉಳಿಸುವುದಕ್ಕೂ ಅವು ಹೇಸುತ್ತಿರಲಿಲ್ಲ. ಗುಂಪಿನಲ್ಲಿ ದೊಡ್ಡದನ್ನು ನಿಲ್ಲಿಸಬೇಕೆಂದು ನಾರ್ಥಪನು ಹೇಳುವ ಆ ಒಂದು ವಿವೇಕವು ಯಂತ್ರಕ್ಕೆ ಒದಗಲಿಲ್ಲವಾಗಿ, ೧೯೪೦ರ ದಶಕದ ಕೊನೆಗೆ ಹತ್ತಿ ಬಿಡಿಸುವ ಯಂತ್ರಗಳು ಕಾರ್ಖಾನೆಗಳಿಂದ ಹೊರಬಂದ ಮೇಲೂ ಗುದ್ದಲಿಯು ಸಾಲಿನಲ್ಲಿ ಉಳಿದಿತ್ತು; ಕಳೆನಾಶಕ ದ್ರವ್ಯಗಳೂ ಎಣಿಸಿ ಬಿತ್ತುವ ಯಂತ್ರಗಳೂ ಬಂದ ಬಳಿಕವೇ ಅದು ಮೂಲೆಗೆ ಸೇರಿತು. ಗುಲಾಮನನ್ನು ಕರಣವೆಂದವರು ಅವನ ಕೈಯಲ್ಲಿದ್ದ ಈ ಆಯ್ಕೆಯನ್ನು ದಿನಕ್ಕೆ ಸಾವಿರ ಸಲ ನೋಡುತ್ತಲೇ ಇದ್ದರು.

ನಾರ್ಥಪನ ಗ್ರಂಥಕ್ಕೂ ಇದೇ ಕರ್ತೃವಿವಾದವು ತಗುಲಿಕೊಂಡಿದೆ. ಆತನು ಹೇಳಿದುದನ್ನು ಬರೆದು ಸಂಪಾದಿಸಿದವನು ಡೇವಿಡ್ ವಿಲ್ಸನ್ ಎಂಬ ವಕೀಲ. ಆದುದರಿಂದ ಗ್ರಂಥವು ವಿಲ್ಸನ್ನನದೆಂದು ಕೆಲವರ ಶಂಕೆ. ಅಲಂಕಾರದ ಕೆಲವು ಮಾತುಗಳು ಬರೆದವನವಿರಬಹುದು. ಆದರೆ ಮೇಲೆ ಹೇಳಿದ ಹತ್ತಿಯ ಪ್ರಕರಣದ ಒಂದೊಂದು ಮಾತೂ ಸಾಲಿನಲ್ಲಿ ನಿಂತವನಿಗೆ ಮಾತ್ರ ಗೊತ್ತಿರತಕ್ಕುದು. ಗಣಪತಿಯು ಬರೆದನೆಂದು ಭಾರತವನ್ನು ಯಾರೂ ಗಣಪತಿಯದೆನ್ನುವುದಿಲ್ಲ.

ನಮ್ಮ ಸಾಹಿತ್ಯದಲ್ಲಿಯೂ ಈ ತೊಡಕು ಹಳೆಯದು. ಕವಿರಾಜಮಾರ್ಗವನ್ನು ರಚಿಸಿದವನು ನೃಪತುಂಗನೋ ಶ್ರೀವಿಜಯನೋ ಎಂದು ನಮ್ಮ ವಿದ್ವಾಂಸರು ಎಷ್ಟು ಪುಟಗಳನ್ನು ತುಂಬಿಲ್ಲ! ನೃಪತುಂಗನ ಅನುಮತವೆಂಬ ಮಾತನ್ನು ಕಂಡು ದೊರೆಯನ್ನೇ ಕವಿಯೆಂದವರು, ಅನುಮತಿ ಕೊಡುವವನು ಹೇತುವಾಗಬಲ್ಲನೇ ಹೊರತು ಆ ಮಾತ್ರಕ್ಕೆ ಕರ್ತೃವಾಗಲಾರನೆಂಬುದನ್ನು ಗಮನಿಸಲಿಲ್ಲವೆಂದು ನಮಗೆ ತೋರುತ್ತದೆ. ಆಸ್ಥಾನಕವಿಗೂ ಹತ್ತಿಹೊಲದ ಗುಲಾಮನಿಗೂ ಅಜಗಜಾಂತರವಿದೆ. ಶ್ರೀವಿಜಯನಿಗೆ ದಕ್ಷಿಣೆಯೂ ಮನ್ನಣೆಯೂ ಇದ್ದವು, ಅನಂತರದ ಕವಿಗಳ ಸ್ಮರಣೆಯೂ ದೊರೆಯಿತು. ಆದರೆ ಫಲವುಳ್ಳವನಿಂದ ಹಿಂದಕ್ಕೆ ಎಣಿಸಿ ಕರ್ತೃವನ್ನು ಹುಡುಕುವ ಅಭ್ಯಾಸವು ಎರಡು ಕಡೆಯೂ ಒಂದೇ.

ಕಡೆಗೆ ಭಾಷಾಂತರಕಾರರಿಗೆ ಒಂದು ಮಾತು. ಬ್ಲ್ಯಾಕನ ವಾಕ್ಯವನ್ನು ಕನ್ನಡಕ್ಕೆ ತರುವಾಗ ಗುಲಾಮನಿಂದ ಕಲ್ಪಿಸಲ್ಪಟ್ಟ ಯಂತ್ರವೆಂದು ಇಂಗ್ಲಿಷಿನ ಕರ್ಮಣಿಯನ್ನು ಅನುಸರಿಸುವುದು ರೂಢಿ. ಅದರಿಂದ ಇಂದಪ್ರತ್ಯಯವು ಬಂದು, ಕರ್ತೃವು ಮತ್ತೆ ಕರಣದ ವೇಷವನ್ನು ಧರಿಸುತ್ತಾನೆ. ಗುಲಾಮನು ಕಲ್ಪಿಸಿದ ಯಂತ್ರವೆಂದು ಕೃದಂತವನ್ನು ಬಳಸಿದರೆ ನಮ್ಮ ನುಡಿಯ ಸಹಜವಾದ ನಡೆಯೂ ಉಳಿಯುತ್ತದೆ, ಪ್ರಥಮೆಯೂ ಅದರ ಯಜಮಾನನಿಗೇ ಸಲ್ಲುತ್ತದೆ. ಕನ್ನಡದಲ್ಲಿ ಆವಿಷ್ಕಾರಕರ ಚರಿತ್ರಕೋಶವನ್ನು ಸಿದ್ಧಪಡಿಸುವವರು ಜೋಡು ಅಲಗಿನ ಹತ್ತಿಯ ಉಪಕರಣವನ್ನು ನೆಡ್ ಎಂಬ ಶೀರ್ಷಿಕೆಯ ಕೆಳಗೆ ಸೇರಿಸತಕ್ಕದ್ದು. ಸ್ಟುವರ್ಟನ ಹೆಸರಿನೆದುರು 'ನೆಡ್ ನೋಡಿ' ಎಂದು ಬರೆದರೆ ಸಾಕು.